ಏಳಕ್ಕೆ ನಿಲ್ಲಿಸಿದ ಸ್ಕೇಲು

ಬೀಗದಣ್ಣನ ಅಂಗಡಿ ಎಂದರೆ ದೊಡ್ಡದೇನಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಒಬ್ಬ ಕೂತರೆ ಇನ್ನೊಬ್ಬ ನಿಂತೇ ಮಾತಾಡಬೇಕಾದ ಗೂಡು. ಗೋಡೆಯ ತುಂಬ ಹಲ್ಲು ಕೊರೆಯದ ಕೀಲಿಗಳು, ಮೇಜಿನ ಮೇಲೆ ಕೀಲಿ ಕೊರೆಯುವ ಯಂತ್ರ, ಪಕ್ಕದಲ್ಲಿ ಹಿಡಿಕೆ ಸವೆದ ನಾಲ್ಕು ಅರ. ಇಪ್ಪತ್ತಾರು ವರ್ಷ ಅಲ್ಲೇ ಕೂತು ಊರಿನ ಅರ್ಧ ಬಾಗಿಲುಗಳನ್ನು ತೆರೆದ ಮನುಷ್ಯ. ಅವನದೊಂದು ಪದ್ಧತಿಯಿತ್ತು. ಕೀಲಿಯ ಕೊನೆಯ ಹಲ್ಲನ್ನು ಅಂಗಡಿಯಲ್ಲಿ ಪೂರ್ತಿ ಉಜ್ಜುತ್ತಿರಲಿಲ್ಲ. ಗಿರಾಕಿಯ ಮನೆಗೆ ಹೋಗಿ, ಕೀಲಿಯನ್ನು ಬೀಗದೊಳಗಿಟ್ಟು ಮೆಲ್ಲಗೆ ತಿರುಗಿಸಿ, ಎಲ್ಲಿ ತಡೆಯುತ್ತದೆಂದು ಬೆರಳಲ್ಲೇ ಕೇಳಿಸಿಕೊಂಡು, ಅಲ್ಲೇ ನಿಂತು ಎರಡು ಸಲ ಅರ ಎಳೆಯುತ್ತಿದ್ದ. "ಕೊನೇ ಹಲ್ಲನ್ನ ಬಾಗಿಲ ಮುಂದೇನೇ ಮುಗಿಸ್ಬೇಕು ಸ್ವಾಮಿ" ಎನ್ನುತ್ತಿದ್ದ. ಸುಮ್ಮನೆ ಓಡಾಟ ಎಂದು ಜನ ನಗುತ್ತಿದ್ದರು. ನಗಲಿ ಬಿಡಿ, ಅವನು ಮಾಡಿದ ಕೀಲಿ ವಾಪಸು ಬಂದದ್ದಿಲ್ಲ.

ಅವನ ಹೆಂಡತಿ ಗಿಟಾರ್ ಕಲಿಸುವ ಟೀಚರಮ್ಮ. ಮನೆಯ ಮುಂದಿನ ಕೋಣೆಯೇ ಪಾಠದ ಕೋಣೆ. ಗಿಟಾರ್ ಕಲಿಯಲು ಬಂದವರನ್ನೆಲ್ಲ ಮೊದಲು ಓಡಿಸುವುದು ಈ ಸ್ಕೇಲು ಎಂಬ ಏಣಿ. ಎಂಟು ಸ್ವರ ಮೇಲೆ, ಎಂಟು ಸ್ವರ ಕೆಳಗೆ, ದಿನಾ ಅದೇ. ಹಾಡಿದ್ದೇ ಹಾಡೋ ಕಿಸಬಾಯಿದಾಸನ ಕೆಲಸ. ಟೀಚರಮ್ಮ ಮಾತ್ರ ಅದನ್ನೇ ಆಟ ಮಾಡಿಬಿಟ್ಟಿದ್ದಳು. ಸ್ಕೇಲನ್ನು ಒಮ್ಮೆ ಬೈಯುವ ಹಾಗೆ ನುಡಿಸು, ಅದನ್ನೇ ಸಮಾಧಾನ ಮಾಡುವ ಹಾಗೆ ನುಡಿಸು ಎನ್ನುವಳು. ನಲ್ಲಿಯಿಂದ ಬಕೆಟ್ಟಿಗೆ ತೊಟ್ಟಿಕ್ಕುವ ನೀರಿಗೆ ತಾಳ ಸೇರಿಸು ಎನ್ನುವಳು. ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡನ್ನು ಬಿಡಿಸಿ ಒಂದೊಂದೇ ತಂತಿ ಮೀಟುವ ಆರ್ಪೆಜಿಯೋ ಕಲಿಸುವಾಗ, "ಊಟಕ್ಕೆ ಮೊದಲು ಅಪ್ಪ ಬಂದ, ಆಮೇಲೆ ಅಮ್ಮ, ಕೊನೇಲಿ ಮಗಳು ಓಡಿ ಬಂದ್ಲು, ಹಾಗೆ ಬಾರಿಸ್ರೋ" ಎನ್ನುವಳು. ಈ ಆಟಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು.

ಎಲ್ಲಕ್ಕಿಂತ ದೊಡ್ಡ ಆಟ ಅವಳದೂ ಅವಳ ಮಗಳದೂ. ಅದರ ಹೆಸರು 'ಏಳಕ್ಕೆ ನಿಲ್ಸು'. ಮಗಳು ಪಾಠದ ಕೋಣೆಯಲ್ಲಿ ಸ್ಕೇಲು ಹತ್ತುತ್ತ ಹತ್ತುತ್ತ ಏಳನೆಯ ಸ್ವರಕ್ಕೆ ನಿಲ್ಲಿಸಿ ಉಸಿರು ಬಿಗಿಹಿಡಿದು ಕೂರುವಳು. ನಂಬಿಕೆ ಬಾರದಿದ್ದರೆ ನೀವೇ 'ಸರಿಗಮಪದನಿ' ಎಂದು ಹೇಳಿ ಬಾಯಿ ಮುಚ್ಚಿಕೊಳ್ಳಿ, ನೋಡೋಣ. ಮೇಲಿನ 'ಸ' ಹೇಳದೆ ಎಷ್ಟು ಹೊತ್ತು ಇರುತ್ತೀರಿ? ತುತ್ತು ಗಂಟಲಲ್ಲೇ ಸಿಕ್ಕಿಕೊಂಡ ಹಾಗಾಗುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಟೀಚರಮ್ಮನಿಗೆ ತಡೆಯಲಾಗುತ್ತಿರಲಿಲ್ಲ. "ಅಯ್ಯೋ ಕತ್ತೆ, ಮುಗ್ಸೇ!" ಎನ್ನುತ್ತ ಒದ್ದೆ ಕೈಯಲ್ಲೇ ಹಜಾರ ದಾಟಿ ಓಡಿ ಬಂದು ಎಂಟನೆಯ ಸ್ವರ ಮೀಟುವಳು. ಗಿಟಾರಿನ ಮೇಲೆ ಮೂರು ಹನಿ ನೀರು. ತಾಯಿ ಮಗಳು ಬಿದ್ದು ಬಿದ್ದು ನಗುವರು. ಹಜಾರದಲ್ಲಿ ಕೂತ ಬೀಗದಣ್ಣನಿಗೆ ಈ ಆಟದ ತಲೆಬುಡ ತಿಳಿಯುತ್ತಿರಲಿಲ್ಲ. "ನಿಮ್ಮಪ್ಪನ ಮುಂದೆ ಬಾರಿಸೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ" ಎಂದು ಹೆಂಡತಿ ಕಾಲೆಳೆಯುವಳು. ಕೋಣನಿಗೂ ಅದು ಖುಷಿಯಾಗಿಯೇ ಇತ್ತು.

ಮೂರೇ ದಿನದ ಜ್ವರ. ಟೀಚರಮ್ಮ ಹೋಗಿಬಿಟ್ಟಳು.

ಹನ್ನೊಂದು ವರ್ಷದ ಮಗಳು ಅಳಲಿಲ್ಲ. ಅಳದೆ ಇದ್ದದ್ದೇ ಅಪ್ಪನಿಗೆ ಹೆಚ್ಚಿನ ಭಯ. ಕೇಳಿದ್ದಕ್ಕೆ 'ಹೂಂ', 'ಊಹೂಂ', ಅಷ್ಟೇ. ಗಿಟಾರಿನ ಕಡೆ ತಿರುಗಿಯೂ ನೋಡಲಿಲ್ಲ. ಹೀಗೇ ಒಂದು ವರ್ಷ ಕಳೆಯಿತು. ಊರ ಬಾಗಿಲೆಲ್ಲ ತೆರೆಯುವವನಿಗೆ ತನ್ನ ಮಗಳ ಬಾಯಿ ತೆರೆಸಲಾಗಲಿಲ್ಲವಲ್ಲ ಎಂದು ಅವನು ಒಳಗೊಳಗೇ ಬೇಯುತ್ತಿದ್ದ.

ಒಂದು ದಿನ ಹೆಂಡತಿಯ ನೋಟ್‌ಬುಕ್ಕನ್ನು ಅಂಗಡಿಗೆ ಒಯ್ದ. ಒಂದು ಪುಟದ ಮೇಲೆ, 'ಏಳಕ್ಕೆ ನಿಲ್ಲಿಸಿ ಎದ್ದು ಹೋಗಿ. ತಡೆಯಲಾರದವರು ಬಂದು ಮುಗಿಸುತ್ತಾರೆ' ಎಂದಿತ್ತು. ಅವನ ಕಣ್ಣು ಅರಳಿತು. ಮಗಳೂ ತಾಯಿಯ ಹಾಗೇ ಅಲ್ಲವೇ? ಬಂದೇ ಬರುತ್ತಾಳೆ! ಪುಟ ಮಗುಚಿದ್ದರೆ ಕಥೆ ಬೇರೆಯಾಗುತ್ತಿತ್ತು. ಮಗುಚಲಿಲ್ಲ, ಪುಣ್ಯಾತ್ಮ.

ಬೆರಳುಗಳೋ, ಅರ ಹಿಡಿದು ಮರಗಟ್ಟಿದವು. ಮಗಳಿಗೆ ಗೊತ್ತಾಗದಂತೆ ಗಿಟಾರನ್ನು ಅಂಗಡಿಗೊಯ್ದು ಎರಡು ತಿಂಗಳು ಗುದ್ದಾಡಿ ಏಳು ಸ್ವರ ಕಲಿತ. ಎಂಟನೆಯದನ್ನು ಕಲಿಯುವ ಗೋಜಿಗೇ ಹೋಗಲಿಲ್ಲ. ಅದು ಮಗಳ ಪಾಲಿನದು ಎಂದುಕೊಂಡ. ಒಂದು ರಜೆಯ ಮಧ್ಯಾಹ್ನ ಮೂರು ಗಂಟೆಗೆ ಏಳು ಸ್ವರ ನುಡಿಸಿ, ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ, ಹಜಾರಕ್ಕೆ ಬಂದು ಬೆನ್ನು ತಿರುಗಿಸಿ ಕೂತ.

ಹತ್ತು ಎಣಿಸುವಷ್ಟರಲ್ಲಿ ಒಳಗಿಂದ ಎಂಟನೆಯ ಸ್ವರ ಬಂತು.

"ಬಂದ್ಲು!" ಎಂದು ಎದ್ದು ಓಡಿದ. ಕೋಣೆಯಲ್ಲಿ ಯಾರೂ ಇಲ್ಲ. ಮಗಳ ಕೋಣೆಗೆ ಹೋಗಿ ಇಣುಕಿದರೆ ಅವಳು ಎದೆಯ ಮೇಲೆ ಪುಸ್ತಕ ಮಗುಚಿಕೊಂಡು ಗಾಢ ನಿದ್ದೆಯಲ್ಲಿದ್ದಾಳೆ. ವಾಪಸು ಬಂದು ಗಿಟಾರನ್ನು ನೋಡಿದ. ಅದರ ಮೇಲೆ ಮೂರು ಹನಿ ನೀರಿತ್ತು. ತಲೆಯೆತ್ತಿ ಮಾಳಿಗೆ ನೋಡಿದ, ಒಣಗಿತ್ತು.

ಕರೆದದ್ದು ಒಬ್ಬರನ್ನು, ಬಂದದ್ದು ಇನ್ನೊಬ್ಬರು.

ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಗಿಂತ ಮೊದಲು ಬಂದದ್ದು ಸಂತೋಷ. ಎಷ್ಟು ಸಂತೋಷ ಎಂದರೆ, ಗಿಟಾರನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ. ಮಾರನೆಯ ದಿನವೂ ಅಂಗಡಿಯಿಂದ ಮೂರು ಗಂಟೆಗೆ ಓಡಿಬಂದು ನುಡಿಸಿದ. ಅದರ ಮರುದಿನವೂ. ಮಗಳನ್ನು ಕರೆಯಲು ಶುರು ಮಾಡಿದ್ದೆಂಬುದು ಮರೆತೇಹೋಯಿತು. ಹೆದರಿಕೆ ಶುರುವಾದದ್ದು ಎರಡನೆಯ ವಾರ, ಎದುರು ಮನೆಯ ಅಜ್ಜಿ ಅವನ ಮನೆಯ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದಾಗ.

"ಏನಪ್ಪಾ ಬೀಗದಣ್ಣ, ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಮ್ಮನೇಲಿ ಯಾರು ಗಿಟಾರ್ ಬಾರಿಸೋದು?"

"ಹನ್ನೊಂದಕ್ಕಾ? ನಾನು ಅಂಗಡೀಲಿರ್ತೀನಿ, ಮಗಳು ಸ್ಕೂಲಲ್ಲಿರ್ತಾಳೆ. ಯಾರೂ ಇಲ್ಲ ಅಜ್ಜಿ."

"ನನ್ನ ಕಿವಿ ಇನ್ನೂ ಗಟ್ಟಿಯಾಗೇ ಇದೆ ಕಣಪ್ಪಾ. ಒಳ್ಳೇ ಪಳಗಿದ ಕೈ. ಆದ್ರೆ ಪೂರ್ತಿ ಮಾಡಲ್ಲ ನೋಡು. ಮಧ್ಯದಲ್ಲಿ ನಿಲ್ಲಿಸ್ಬಿಡ್ತಾರೆ, ಎದೆ ಹಿಡ್ಕೊಂಡ ಹಾಗಾಗುತ್ತೆ. ಸ್ವಲ್ಪ ಹೊತ್ತಾದ್ಮೇಲೆ ಇನ್ಯಾರೋ ಮುಗಿಸ್ತಾರೆ."

ಮರುದಿನ ಹನ್ನೊಂದು ಗಂಟೆಗೆ ಬೀಗದಣ್ಣ ಅಂಗಡಿಯ ಬಾಗಿಲೆಳೆದು ಮನೆಗೆ ಬಂದ. ಮೆಟ್ಟಿಲು ಹತ್ತುವಾಗಲೇ ಕೇಳಿಸಿತು. ಒಂದು, ಎರಡು, ಮೂರು... ಏಳು. ನಿಂತಿತು. ಬಾಗಿಲು ತೆರೆದರೆ ಮಗಳು ಯೂನಿಫಾರಮ್ಮಿನಲ್ಲಿ, ಬೆನ್ನಿಗೆ ಸ್ಕೂಲ್ ಬ್ಯಾಗು ಹಾಕಿಕೊಂಡೇ, ಪಾಠದ ಕೋಣೆಯ ಹೊರಗೆ ನಿಂತಿದ್ದಳು. ಒಳಗೆ ಯಾರೂ ಇರಲಿಲ್ಲ. ತಂತಿ ಇನ್ನೂ ನಡುಗುತ್ತಿತ್ತು.

ಅವನು ಮಗಳ ಕೈ ಹಿಡಿದೆಳೆದ. ತಣ್ಣಗಿತ್ತು. ಬೆರಳ ತುದಿಗಳು ಬಹಳ ಹೊತ್ತು ನೀರಲ್ಲಿಟ್ಟ ಹಾಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು. ತನ್ನ ಕೀಲಿಗೊಂಚಲಿನ ಜೊತೆಗಿದ್ದ ಬೀಗವನ್ನೇ ತೆಗೆದು ಕೋಣೆಗೆ ಜಡಿದ.

"ಬೀಗ ತೆಗಿ ಅಪ್ಪಾ" ಎಂದಳು ಮಗಳು. ವರ್ಷದ ಮೇಲೆ ಅವಳು ಆಡಿದ ಮೊದಲ ಪೂರ್ತಿ ಮಾತು ಅದು. "ಅಮ್ಮ ಏಳಕ್ಕೆ ನಿಲ್ಲಿಸಿದ್ದಾಳೆ. ಈಗ ನನ್ನ ಸರದಿ."

"ಏನು ಸರದಿ? ಎಷ್ಟು ದಿನದಿಂದ ನಡೀತಿದೆ ಇದು?"

"ಹತ್ತು ದಿನ ಆಯ್ತು. ನಾನು ಎಂಟು ಬಾರಿಸ್ತೀನಿ. ಆಮೇಲೆ ನಾನು ಏಳಕ್ಕೆ ನಿಲ್ಲಿಸ್ತೀನಿ, ಅಮ್ಮ ಬರ್ತಾಳೆ. ಕೈ ಮಾತ್ರ ಮೊದ್ಲೇ ಬಂದ್ಬಿಟ್ಟಿದೆ, ಅಮ್ಮ ದಿನಾ ಒಂದೊಂದು ಹೆಜ್ಜೆ ಹತ್ರ ಬರ್ತಾಳೆ. ಅಗೋ, ನೋಡು."

ಅವಳು ತೋರಿಸಿದ ಕಡೆ ನೋಡಿದ. ಅಡುಗೆಮನೆಯ ಹೊಸ್ತಿಲಿಂದ ಹಜಾರದ ಮಧ್ಯದವರೆಗೆ, ಹೆಜ್ಜೆಗೊಂದರಂತೆ, ನೀರಿನ ಹನಿಗಳ ಸಾಲು. ಇಷ್ಟು ದಿನ ಅದನ್ನು ಅವನೇ ತುಳಿದುಕೊಂಡು ಓಡಾಡಿದ್ದ. ನೋಡಿರಲಿಲ್ಲ.

"ಹತ್ರ ಬಂದ ಮೇಲೆ?" ಎಂದು ಕೇಳಿದ.

"ಕರ್ಕೊಂಡು ಹೋಗ್ತಾಳೆ."

"ಮತ್ತೆ ನಾನು, ಪುಟ್ಟಾ?"

ಮಗಳು ಅವನ ಮುಖವನ್ನು ಕನಿಕರದಿಂದ ನೋಡಿದಳು. "ನಿಂಗೆ ಆಟ ಬರಲ್ವಲ್ಲಪ್ಪಾ" ಎಂದಳು.

ಅವನು ಅಲ್ಲೇ ನೆಲದ ಮೇಲೆ ಕೂತು, ಅಂಗಡಿಯ ಚೀಲದಿಂದ ಹೆಂಡತಿಯ ನೋಟ್‌ಬುಕ್ ತೆಗೆದು, ಆ ಪುಟ ಹುಡುಕಿ, ಈಗ ಮಗುಚಿದ. ಹಿಂಬದಿಯಲ್ಲಿ ಹೆಂಡತಿಯದೇ ದುಂಡು ಅಕ್ಷರ. 'ಯಾರು ಎಂಟು ಬಾರಿಸುತ್ತಾರೋ ಮುಂದಿನ ಸರದಿ ಅವರದು. ಅವರೂ ಏಳಕ್ಕೆ ನಿಲ್ಲಿಸಿದರೆ ಆಟ ನಡೆಯುತ್ತಲೇ ಇರುತ್ತದೆ. ಸಾಕೆನಿಸಿದರೆ, ಸರದಿ ಇದ್ದವರು ಎಂಟನ್ನೂ ತಾವೇ ಬಾರಿಸಿ ಎದ್ದುಬಿಡಬೇಕು. ಆಮೇಲೆ ಕರೆಯುವಂತಿಲ್ಲ, ಬರುವಂತಿಲ್ಲ. ಊಟ.'

ತನ್ನ ತಪ್ಪು ಅವನಿಗೆ ತಿಳಿಯಿತು. ಮೊದಲ ದಿನವೇ ಸರದಿಯನ್ನು ಅತ್ತ ಕಡೆಗೆ ಕೊಟ್ಟುಬಿಟ್ಟಿದ್ದ. ಬರುತ್ತಿರುವುದು ಅವಳೋ, ಅವಳ ಅಭ್ಯಾಸ ಮಾತ್ರವೋ, ಯಾರಿಗೆ ಗೊತ್ತು? ಮುಗಿಯದ ಸ್ಕೇಲು ಕೇಳಿದರೆ ಓಡಿ ಬರುವುದೊಂದೇ ಅದಕ್ಕೆ ಗೊತ್ತು. ಅಷ್ಟರಲ್ಲಿ ಬೀಗದ ಹಿಂದಿನಿಂದ ಮತ್ತೆ ಏಳು ಸ್ವರ ಕೇಳಿಸಿತು. ಈ ಸಲ ಬೈಯುವ ಹಾಗಿತ್ತು. ಮಗಳು ಎದ್ದು ಬಾಗಿಲಿಗೆ ಅಂಗೈ ಒತ್ತಿದಳು.

"ತಡಿ. ನಾನು ಹೋಗ್ತೀನಿ" ಎಂದು ಅವನು ಬೀಗ ತೆಗೆದ.

ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತ. ಸ್ಟೂಲು ಬೆಚ್ಚಗಿತ್ತು. ಗಿಟಾರು ತೊಡೆಗೆ ಏರಿಸಿಕೊಂಡ. ಎಂಟನೆಯ ಸ್ವರ ಎಲ್ಲಿದೆಯೆಂದೇ ಅವನಿಗೆ ಗೊತ್ತಿಲ್ಲ! ಒಂದು ಕಡೆ ಒತ್ತಿ ಮೀಟಿದ, ಅಲ್ಲ. ಇನ್ನೊಂದು ಕಡೆ ಒತ್ತಿದ, ಅದೂ ಅಲ್ಲ. "ಅಯ್ಯೋ, ಅದಲ್ಲಪ್ಪಾ" ಎಂದಳು ಬಾಗಿಲಲ್ಲಿ ನಿಂತ ಮಗಳು. ಅವನು ಕಣ್ಣು ಮುಚ್ಚಿದ. ಕೊನೆಯ ಹಲ್ಲಲ್ಲವೇ, ಇಪ್ಪತ್ತಾರು ವರ್ಷ ಮಾಡಿದ್ದು ಇದನ್ನೇ ಅಲ್ಲವೇ? ಎಲ್ಲಿ ತಡೆಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಬೆರಳಲ್ಲೇ ಕೇಳಿಸಿಕೊಳ್ಳುತ್ತ ಬೆರಳನ್ನು ಗಿಟಾರಿನ ಕತ್ತಿನ ಮೇಲೆ ಒಂದು ಪಟ್ಟಿಯಷ್ಟು ಸರಿಸಿ ಮೀಟಿದ. ಕೀಲಿ ತಿರುಗಿದ ಹಾಗೆ ಸ್ವರ ಕೂತಿತು. ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇಳಿಯಿತು. ಈಗ ಸರದಿ ಅವನದು.

ಕೆಳಗಿನ ಸ್ವರದಿಂದ ಶುರು ಮಾಡಿದ. ಒಂದು, ಎರಡು, ಮೂರು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ನಾಲ್ಕು, ಐದು. ಹೊಸ್ತಿಲು ದಾಟಿದ ಹೆಜ್ಜೆ. ಆರು. ಹಜಾರದ ಮಧ್ಯ ದಾಟಿ, ಮಗಳು ನಿಂತ ಕಡೆಗೇ, ತಪ್ ತಪ್ ಎಂದು ಒದ್ದೆ ಕಾಲು. ಏಳು.

ಅವನ ಕೈ ನಿಂತುಬಿಟ್ಟಿತು.

ನಿಲ್ಲಬಾರದಿತ್ತು, ನಿಂತಿತು. ಸೋಪಿನ ವಾಸನೆ ಬಂತು. ಮಗಳು ಹಜಾರದ ಕಡೆ ತಿರುಗಿ ಕೈ ಚಾಚಿದಳು. ಅವನಿಗೂ ಒಮ್ಮೆ, ಒಂದೇ ಒಂದು ಸಲ ಹೆಂಡತಿಯ ಮುಖ ನೋಡಬೇಕೆನಿಸಿತು. ಎಷ್ಟು ಬೇಕೆನಿಸಿತೆಂದರೆ, ಮಗಳು ಹೋದರೆ ತಾನೂ ಜೊತೆಗೇ ಹೋದರಾಯಿತು ಎಂದುಕೊಂಡ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕಾಣುತ್ತಿದ್ದಳು. ಆಗ ಮಗಳ ಚಾಚಿದ ಕೈಯ ಆ ಸುಕ್ಕುಗಟ್ಟಿದ ಪುಟ್ಟ ಬೆರಳುಗಳು ಕಂಡವು.

"ತಪ್ಪು ತಿಳ್ಕೋಬೇಡ ಕಣೇ" ಎಂದು ಹೆಂಡತಿಗೆ ಹೇಳಿ ಎಂಟನೆಯದನ್ನು ಮೀಟಿದ.

ಮನೆ ಬರಿದಾಯಿತು. ಮಗಳು ಕಿಟಾರನೆ ಕಿರುಚಿದಳು. "ಯಾಕಪ್ಪಾ ಮುಗಿಸ್ದೆ? ಯಾಕೆ ಮುಗಿಸ್ದೆ?" ಎಂದು ಎರಡೂ ಕೈಯಲ್ಲಿ ಅವನ ಎದೆಗೆ ಗುದ್ದಿದಳು. ಅವನು ಗುದ್ದಿಸಿಕೊಂಡ. ಗುದ್ದುತ್ತ ಗುದ್ದುತ್ತ ಅವಳಿಗೆ ಅಳು ಬಂತು, ಒಂದು ವರ್ಷದ ಅಳು. ಮಧ್ಯಾಹ್ನವೆಲ್ಲ ಅತ್ತಳು. ಅವನೂ ಅತ್ತ. ಸಂಜೆಯ ಹೊತ್ತಿಗೆ ಅವಳ ಬೆರಳುಗಳು ಬೆಚ್ಚಗಾಗಿದ್ದವು.

ಹಜಾರದ ಹನಿಗಳನ್ನು ಇಬ್ಬರೂ ಒರೆಸಲಿಲ್ಲ. ಕೊನೆಯದು ಪಾಠದ ಕೋಣೆಯ ಬಾಗಿಲಿಂದ ಒಂದು ಗೇಣು ದೂರದಲ್ಲಿತ್ತು. ಎಲ್ಲಕ್ಕಿಂತ ನಿಧಾನವಾಗಿ ಆರಿದ್ದು ಅದೇ. ಆಮೇಲೆ ಆ ನೆಲ ಒದ್ದೆಯಾಗಿಲ್ಲ.

ಈಗ ಅಪ್ಪನಿಗೆ ಮಗಳೇ ಟೀಚರು. "ಬೆರಳು ಕೀಲಿ ಅಲ್ಲಪ್ಪಾ, ಅಷ್ಟು ಒತ್ಬೇಡ" ಎಂದು ಗದರಿಸುತ್ತಾಳೆ. ಬೈಯುವ ಸ್ಕೇಲು, ಸಮಾಧಾನದ ಸ್ಕೇಲು ಎಲ್ಲ ಅವನ ಕೈಲಿ ನುಡಿಸುತ್ತಾಳೆ. ಆರ್ಪೆಜಿಯೋ ಮೀಟುವಾಗ ಅಪ್ಪ ಬರುತ್ತಾನೆ, ಅಮ್ಮ ಬರುತ್ತಾಳೆ, ಮಗಳು ಓಡಿ ಬರುತ್ತಾಳೆ. ಒಂದು ಆಟವನ್ನು ಮಾತ್ರ ಇಬ್ಬರೂ ಆಡುವುದಿಲ್ಲ. ಒಮ್ಮೊಮ್ಮೆ ಮಧ್ಯಾಹ್ನ ಮೂರಕ್ಕೆ ಒಬ್ಬನೇ ನುಡಿಸುವಾಗ, ಏಳನೆಯ ಸ್ವರಕ್ಕೆ ಬಂದು ಬೀಗದಣ್ಣನ ಬೆರಳು ತಡೆಯುತ್ತದೆ. ಅಡುಗೆಮನೆಯ ಕಡೆ ನೋಡುತ್ತಾನೆ. ಆಮೇಲೆ ಎಂಟನೆಯದನ್ನು ತಾನೇ ಮೀಟುತ್ತಾನೆ.