ಎರಡು ಕಡೆಯ ಹೂವನ್ನೂ ಕೊಟ್ಟ ತಾಯಿ

ನನ್ನ ಬಲಮಂಡಿ ಹೋದದ್ದು ಗದ್ದೆಯಲ್ಲಿ. ಹೋದ ವರ್ಷ ಶ್ರಾವಣ. ಮೂಗೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾಟಿ ನಡೆದಿತ್ತು. ಪೈರಿನ ಕಟ್ಟು ತೆಗೆದುಕೊಳ್ಳಲು ತಿರುಗಿದೆ. ಮೈ ತಿರುಗಿತು, ಕೆಸರಲ್ಲಿ ಹೂತಿದ್ದ ಪಾದ ತಿರುಗಲಿಲ್ಲ. ಒಳಗೆ ಟಪ್ ಎಂದು ಏನೋ ಕಿತ್ತಂತಾಯಿತು.

ನಮ್ಮ ಮನೆದೇವರು ಮಾರಮ್ಮನ ಒಕ್ಕಲಿನವರೆಲ್ಲ ಓದಲೆಂದು ಇದನ್ನು ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ಊತ ಇಳಿದ ಮೇಲೂ ಮಂಡಿ ನಿಲ್ಲಲಿಲ್ಲ. ನೇರ ನಡೆಯಬಲ್ಲೆ, ಸ್ವಲ್ಪ ತಿರುಗಿದರೂ ಕೀಲು ಜಾರಿ ಕುಸಿಯುತ್ತಿದ್ದೆ. ನರಸೀಪುರದಲ್ಲಿ ಬಸ್ಸಿನ ಮೆಟ್ಟಿಲಿನಿಂದ ಹಾಗೆಯೇ ಬಿದ್ದೆ. ನಾಟಿಯಲ್ಲಿ ಹಿಂದಕ್ಕೆ ಹೆಜ್ಜೆ ಇಡಬೇಕು, ಕೆಸರಲ್ಲೇ ತಿರುಗಬೇಕು. ಮದುವೆಗೂ ಮೊದಲಿನಿಂದ ಮಾಡಿದ ಕೆಲಸ. ಇನ್ನು ಗದ್ದೆಗೆ ಇಳಿಯುವುದು ಇಲ್ಲವೇ ಎಂಬುದೊಂದೇ ನನ್ನ ಭಯ.

ಸ್ಕ್ಯಾನಿಂಗ್‌ನಲ್ಲಿ ಮಂಡಿಯ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಕಿತ್ತಿರುವುದು ಕಂಡಿತು. ತೊಡೆಯ ಹಿಂಭಾಗದಿಂದ ಸ್ನಾಯುವಿನ ಎಳೆ ತೆಗೆದು, ಮೂಳೆ ಕೊರೆದು, ಹೊಸದು ಕೂರಿಸಬೇಕಂತೆ. ಅದನ್ನು ಮೂಳೆಗೆ ಹಿಡಿಸುವುದು ಹೇಗೆ ಎಂಬಲ್ಲಿ ನಮ್ಮ ಮನೆಯ ತಕರಾರು ಶುರುವಾಯಿತು. ಮೈಸೂರಿನ ಡಾಕ್ಟರು ಸ್ಕ್ರೂ ಹಾಕುತ್ತೇನೆ ಅಂದರು. ಜೊತೆಗೆ ಬಂದಿದ್ದ ಮೈದುನ ಮಾದೇಶ ಪಂಪ್‌ಸೆಟ್ ರಿಪೇರಿಯವನು, ಅವನಿಗೆ ಒಪ್ಪಿಗೆಯಾಯಿತು. ಇನ್ನೊಬ್ಬರನ್ನು ಕೇಳೋಣವೆಂದು ಅಕ್ಕ ಪುಟ್ಟತಾಯಿ ನಂಜನಗೂಡಿನ ಡಾಕ್ಟರ ಬಳಿ ಕರೆದೊಯ್ದಳು. ಅವಳು ಅಲ್ಲಿ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳು. ಮೂಳೆಯ ಹೊರಮೈಗೆ ಪುಟ್ಟ ಲೋಹದ ಬಟನ್ ಒರಗಿಸಿ, ಅದರ ದಾರದ ಕುಣಿಕೆಯಲ್ಲಿ ಎಳೆಯನ್ನು ತೂಗಿಬಿಡುತ್ತೇನೆ ಅಂದರು ಈ ಡಾಕ್ಟರು. ಅಕ್ಕನಿಗೆ ಅಷ್ಟೇ ಸಾಕಾಯಿತು. ಮುಂದೆ ಅವರು ಹೇಳಿದ್ದನ್ನು ಭಯದಲ್ಲಿ ನಾನೂ ಕೇಳಿಸಿಕೊಳ್ಳಲಿಲ್ಲ.

“ಬಟನ್ ಹಾಕಾಕೆ ಅದೇನ್ ಅಂಗೀನಾ ಅಕ್ಕ? ಸ್ಕ್ರೂ ಆದ್ರೆ ಕಚ್ಕೊಂಡ್ ಕೂತ್ಕತದೆ,” ಎಂದ ಮಾದೇಶ.

“ನೀನ್ ರಿಪೇರಿ ಮಾಡಿದ್ ಪಂಪು ವಾರಕ್ಕೊಂದ್ಸಲ ಲೂಸಾಯ್ತದಲ್ಲೋ, ಅದ್ರಲ್ಲಿರೋದು ಬಟನ್ನಾ?” ಅಂದಳು ಅಕ್ಕ.

ನನಗೂ ನಗು ಬಂತು. ಆದರೆ ಯಾವುದು ಸರಿ ಎಂದು ತೀರ್ಮಾನವಾಗಲಿಲ್ಲ.

ಕೊನೆಗೆ ಒಂದು ಮಂಗಳವಾರ ತಾಯಿಯ ಗುಡಿಯಲ್ಲಿ ಹೂ ಕೇಳಿದೆವು. ತಾಯಿಯ ಎರಡು ಭುಜಕ್ಕೂ ನೆನೆಸಿದ ಹೂ ಅಂಟಿಸಿ ಕೇಳುವುದು ನಮ್ಮ ಪದ್ಧತಿ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ ಎಂದು. ಆಪರೇಷನ್ ಮಾಡಿಸಲೇ ತಾಯಿ ಎಂದಷ್ಟೇ ಕೇಳಬೇಕಿತ್ತು. ನಾವು ಬಲಕ್ಕೆ ಸ್ಕ್ರೂ, ಎಡಕ್ಕೆ ಬಟನ್ ಎಂದು ಕೇಳಿಬಿಟ್ಟೆವು. ಬಹಳ ಹೊತ್ತು ಏನೂ ಅಲುಗಲಿಲ್ಲ. ಆಮೇಲೆ ಎರಡೂ ಹೂ ಒಟ್ಟಿಗೇ ಬಿದ್ದವು.

“ಹಿಂಗ್ ಕೇಳ್ತಾರಾ ಯಾರಾದ್ರೂ? ತಾಯಿ ಹೂಂ ಅಂದ್ಳೋ ಊಹೂಂ ಅಂದ್ಳೋ, ನಾನೇನಂತ ಹೇಳ್ಲವ್ವ,” ಎಂದರು ಪೂಜಾರಪ್ಪ.

ತಾಯಿಗೆ ಆಪರೇಷನ್ನೇ ಇಷ್ಟವಿಲ್ಲವೆಂದುಕೊಂಡೆ. ಬೇಡವೆಂದು ಹೇಳಿಬರಲು ನಂಜನಗೂಡಿನ ಬಸ್ ಹತ್ತಿದೆವು. ಅಕ್ಕನೂ ಮಾದೇಶನೂ ಜೊತೆಗೆ ಬಂದರು.

ಡಾಕ್ಟರಿಗೆ ಹೂವಿನ ವಿಷಯವನ್ನೂ ಹೇಳಿದೆ. ಅವರು ನಗಲಿಲ್ಲ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮಂಡಿಯನ್ನು ನನ್ನ ಕಡೆ ತಿರುಗಿಸಿದರು.

“ಅಮ್ಮ, ಈ ಎಳೆಗೆ ಎರಡು ತುದಿ. ಮೇಲಿನದು ತೊಡೆಮೂಳೆಗೆ, ಅಲ್ಲಿ ಬಟನ್. ಕೆಳಗಿನದು ಕಾಲಿನ ಮೂಳೆಗೆ, ಅಲ್ಲಿ ಸ್ಕ್ರೂ. ಅವತ್ತೇ ಹೇಳಿದ್ನಲ್ಲ! ಎರಡೂ ಕಡೆ ಸ್ಕ್ರೂ ಹಾಕೋರೂ ಇದ್ದಾರೆ, ಅದೂ ಹಿಡಿಯುತ್ತೆ. ನನಗೆ ಕೈ ಪಳಗಿರೋದು ಹೀಗೆ.”

“ಎರಡೂವಾ ಸಾ?” ಎಂದ ಮಾದೇಶ.

“ಎರಡೂ.”

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ನಾನು ಅಲ್ಲೇ ಒಪ್ಪಿಕೊಂಡೆ.

ನೀರಿನ ಭಾರಕ್ಕೆ ಹೂ ಬಿದ್ದವು ಎನ್ನುವವರಿದ್ದಾರೆ. ಅವರೊಡನೆ ನನಗೆ ವಾದವಿಲ್ಲ. ನಾವು ಕೇಳಿದ ಪ್ರಶ್ನೆ ತಪ್ಪಾಗಿತ್ತು, ತಾಯಿಯ ಉತ್ತರ ಸರಿಯಿತ್ತು. ನಾನು ಬಲ್ಲದ್ದು ಇಷ್ಟೇ.

ಆಪರೇಷನ್ ಆಯಿತು. ತಿಂಗಳುಗಟ್ಟಲೆ ಕಾಲು ಎತ್ತಿ ಇಳಿಸುವ ವ್ಯಾಯಾಮ. ಈ ವರ್ಷ ನಾಟಿಗೆ ಇಳಿಯಲೇ ಎಂದಾಗ ಡಾಕ್ಟರು ಒಂಟಿಕಾಲಲ್ಲಿ ನಿಲ್ಲಿಸಿ, ಕೂರಿಸಿ, ಎಬ್ಬಿಸಿ ನೋಡಿ, “ನಿಧಾನವಾಗಿ ಇಳೀರಿ” ಅಂದರು. ಆದರೂ ಬದುವಿನ ಮೇಲೆ ಬಂದು ಇಳಿಯಲಾರದೆ ನಿಂತೆ.

“ನಿನ್ ಕಾಲ್ಗೆ ಕಬ್ಣ ಹಾಕವ್ರೆ, ನಮ್ಗೆ ಅದೂ ಇಲ್ಲ. ಇಳೀ ಸುಮ್ಕೆ!” ಎಂದು ಪಕ್ಕದ ಮನೆಯ ನಿಂಗಮ್ಮ ಗದ್ದೆಯಿಂದ ಕೂಗಿದಳು. ಸಾಲಿನವರೆಲ್ಲ ನಕ್ಕರು.

ಇಳಿದೆ. ಕೆಸರು ಪಾದವನ್ನು ಹಿಡಿಯಿತು. ಹಿಂದಕ್ಕೊಂದು ಹೆಜ್ಜೆ, ಇನ್ನೊಂದು. ಪೈರಿಗಾಗಿ ತಿರುಗಿದೆ. ಮಂಡಿ ನಿಂತಿತು. ತಾಯೀ ಎಂದೆ, ಬಹುಶಃ ಗಟ್ಟಿಯಾಗಿಯೇ ಎಂದಿರಬೇಕು. ನಿಂಗಮ್ಮ ತಿರುಗಿ ನೋಡಿದಳು.

ಸಂಜೆ ನಾಲೆಯಲ್ಲಿ ಕಾಲು ತೊಳೆದು ಗುಡಿಗೆ ಹೋದೆ. ನೋಡಲು ಬಂದಿದ್ದ ಅಕ್ಕನೂ ಜೊತೆಗಿದ್ದಳು. ಕೇಳಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಎರಡೂ ಮಂಡಿ ಊರಿ, ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕರಿಸಿದೆ. ಅಕ್ಕ ಎಬ್ಬಿಸಲು ಕೈ ಚಾಚಿದಳು. ಅಷ್ಟರಲ್ಲಿ ನಾನೇ ಎದ್ದು ನಿಂತಿದ್ದೆ.