ರೈಲಿಲ್ಲದ ಊರಿನ ಕಂದೀಲು

ಹಾನಗಲ್ಲಿನ ನಮ್ಮ ಸಾಲೆಯ ಒಂದು ಕೋಣೆಯಲ್ಲಿ ಹಳೆಯ ರೈಲು ಸಾಮಾನು ಕೂಡಿಸಿಡುವ ಹುಚ್ಚು ನನಗೆ ಹಿಡಿದಿತ್ತು. ಸವಣೂರಿನಲ್ಲಿ ಪೆನ್ಶನ್ ಮೇಲಿದ್ದ ಗೇಟ್‌ಮನ್ ಖಾದರಸಾಬರು ತಮ್ಮ ಕೆಂಪು-ಹಸಿರು ಗಾಜಿನ ಕಂದೀಲು ಕೊಡಲು ಒಪ್ಪಿದರು.

"ಚಾರ್ಜ್ ತಗೊಂಡೇನಿ ಅಂತ ಬರ್ದು ಸಹಿ ಮಾಡ್ರಿ ಮಾಸ್ತರ. ಅಲ್ಲೀತನಕ ನನ್ನ ಡ್ಯೂಟಿ ಮುಗಿಯಂಗಿಲ್ಲ."

ಈ ಕಂದೀಲಿಗಾಗಿ ಸವಣೂರಿಗೆ ತಿರುಗಿ ತಿರುಗಿ ದಣಿದಿದ್ದೆ. ಸಹಿ ಹಾಕಿದೆ.

ಮುಂದಿನ ವಾರ ಖಾದರಸಾಬರು ಬಸ್ಸು ಹತ್ತಿ ತಪಾಸಣೆಗೇ ಬಂದರು. ಕಂದೀಲು ಅಲ್ಲಾಡಿಸಿ, "ಎಣ್ಣಿ ಎಲ್ಲೈತ್ರಿ?" ಎಂದರು.

"ಇದು ನೋಡಾಕ ಇಟ್ಟದ್ದರಿ."

"ಆರಿದ ಕಂದೀಲದಾಗ ಏನ್ ನೋಡ್ತಾರ್ರಿ?"

ಯುದ್ಧದ ಕಾಲ, ಸೀಮೆಎಣ್ಣೆಗೆ ರೇಶನ್. ಆದರೂ ಸಹಿ ನನ್ನದು. ದಿನಾ ಸಂಜೆ ಮನೆಯ ಪಾಲಿನ ಎಣ್ಣೆ ಒಯ್ದು ಹಚ್ಚತೊಡಗಿದೆ. ಹೆಂಡತಿ ಒಲೆಯ ಬೆಳಕಿನಲ್ಲೇ ರೊಟ್ಟಿ ಬಡಿದಳು.

ಹಾನಗಲ್ಲಿಗೆ ರೈಲು ಬರಲೇ ಇಲ್ಲ. ಬಂದಿದ್ದರೆ ನಮ್ಮ ಕಡೆಯಿಂದ ತಡವಿರಲಿಲ್ಲ.