ಮಗಳ ವರ್ಗಾವಣೆ ಪ್ರಸಂಗ

ಕನ್ನಡಿಗರ ಕೂಟದಲ್ಲಿ ಕಾಗದದ ತಟ್ಟೆಗೆ ಬಿಸಿಬೇಳೆಬಾತ್ ಬೀಳುವುದಕ್ಕೂ ‘ಮಗಳು ಏನ್ ಓದ್ತಿದಾಳೆ’ ಎಂಬ ಪ್ರಶ್ನೆ ಬೀಳುವುದಕ್ಕೂ ನಡುವೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ನಾನು ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ಮೇಲೆ ಖಾರಾಬೂಂದಿ ಉದುರಿಸಿಕೊಳ್ಳುವಷ್ಟೂ ಪುರುಸೊತ್ತು ಸಿಗುವುದಿಲ್ಲ. ಇದೇ ಲಿಂಕೋಪಿಂಗಿನಲ್ಲಿ ನಮ್ಮ ಪಕ್ಕದ ಮನೆಯ ಸ್ವೀಡಿಷ್ ದಂಪತಿ ಹನ್ನೊಂದು ವರ್ಷಗಳಿಂದ ನನ್ನನ್ನು ಬಲ್ಲರು, ಆದರೆ ನನಗೊಬ್ಬಳು ಮಗಳಿದ್ದಾಳೆ ಎಂಬುದನ್ನು ಅವರು ಬಾಯಿಬಿಟ್ಟು ಪ್ರಸ್ತಾಪಿಸಿದ್ದು ಒಮ್ಮೆ ಮಾತ್ರ, ಅದೂ ಅವಳ ಸೈಕಲ್ಲು ಅವರ ಬಾಗಿಲಿಗೆ ಅಡ್ಡ ನಿಂತಿದ್ದಾಗ. ಕೇಳದಿರುವುದು ಅವರ ಸಭ್ಯತೆ, ಕೇಳುವುದು ನಮ್ಮ ವಾತ್ಸಲ್ಯ. ಈ ಎರಡು ಸಂಸ್ಕೃತಿಗಳ ಸಂಗಮದಲ್ಲಿ ಮಿಂದೆದ್ದ ನಾನು ಎರಡರ ದೋಷಗಳನ್ನೂ ಏಕಕಾಲಕ್ಕೆ ಮೈಗೂಡಿಸಿಕೊಂಡವನು.

ಸ್ವೀಡನ್ನಿನ ಜನ ಒಬ್ಬರನ್ನೊಬ್ಬರು ಏನೂ ಕೇಳುವುದಿಲ್ಲ ನಿಜ, ಆದರೆ ಅವರ ಸರ್ಕಾರವನ್ನು ಯಾರು ಏನು ಬೇಕಾದರೂ ಕೇಳಬಹುದು. ಮಕ್ಕಳು ಶಾಲೆಯಲ್ಲಿ ಪಡೆದ ಗ್ರೇಡುಗಳು ಕೂಡ ಇಲ್ಲಿ ಸಾರ್ವಜನಿಕ ದಾಖಲೆ. ಕೊಮ್ಮೂನ್ ಎಂದರೆ ನಮ್ಮ ಪುರಸಭೆಯಂಥದ್ದು. ಅದಕ್ಕೊಂದು ಮೇಲ್ ಹಾಕಿದರೆ ನೀವು ಯಾರು, ಯಾಕೆ ಬೇಕು ಎಂದು ವಿಚಾರಿಸದೆ ವಿನಯಪೂರ್ವಕವಾಗಿ ಕಳಿಸಿಕೊಡುತ್ತಾರೆ. ಅಧಿಕಾರಿಗಳ ಅಕ್ರಮಗಳು ಬಯಲಿಗೆ ಬರಲೆಂದು ಯಾರೋ ಪುಣ್ಯಾತ್ಮರು ಮಾಡಿದ ಈ ಕಾನೂನಿನಿಂದ ಸಹೋದ್ಯೋಗಿಯ ಮಗನ ರಸಾಯನಶಾಸ್ತ್ರದ ಗ್ರೇಡನ್ನೂ ಬಯಲಿಗೆಳೆಯಬಹುದು ಎಂಬ ಮಹತ್ತರ ಉಪಯೋಗವನ್ನು ನಮ್ಮ ಕೂಟದಲ್ಲಿ ಮೊದಲು ಕಂಡುಹಿಡಿದ ಕೀರ್ತಿ ನನ್ನದು. ಕಾರ್ಲ್‌ಸ್ಕ್ರೂನಾ ಎಂಬ ಊರಿನಿಂದ ಬಂದು ನೆಲೆಸಿದ ಸಹೋದ್ಯೋಗಿಯೊಬ್ಬರು ತಮ್ಮ ಮಗನಿಗೆ ಎಲ್ಲದರಲ್ಲೂ ಎ ಎಂದು ಕೊಚ್ಚಿಕೊಂಡಿದ್ದರು. ತರಿಸಿ ನೋಡಿದರೆ ಮೂರು ಸಿ. ಆ ಸಂಜೆ ನಾನೂ ನನ್ನ ಆಫೀಸಿನ ಗೆಳೆಯ ಪ್ರಹ್ಲಾದನೂ ಕುಡಿದ ಕಾಫಿಯಷ್ಟು ರುಚಿಯಾದ ಕಾಫಿಯನ್ನು ನಾನು ಮತ್ತೆ ಕುಡಿದಿಲ್ಲ. ವಿದ್ಯೆಯನ್ನು ಬಚ್ಚಿಡುವುದು ಪಾಪವೆಂದು ನಂಬಿದ ನಾನು ಮೇಲ್ ಬರೆಯುವ ಕ್ರಮವನ್ನು ಅವನಿಗೂ ಉಚಿತವಾಗಿ ಕಲಿಸಿಕೊಟ್ಟೆ.

ಮರುವರ್ಷ ನನ್ನ ಮಗಳು ಸಿಂಚನ ಗಣಿತದಲ್ಲಿ ಎಫ್ ತಂದಳು. ಎಫ್ ಎಂದರೆ ನಪಾಸು. ವಿಮಾನದ ರೆಕ್ಕೆಯ ಲೆಕ್ಕ ಹಾಕುವುದನ್ನೇ ಕಸುಬಾಗಿಸಿಕೊಂಡವನ ಮನೆಯಲ್ಲಿ ಇಂಥದ್ದೊಂದು ಕಾಗದ ಬಂದದ್ದನ್ನು ಅರಗಿಸಿಕೊಳ್ಳುವಷ್ಟರಲ್ಲಿ, ತಾನು ಓದಬೇಕೆಂದಿರುವುದು ಮನಶ್ಶಾಸ್ತ್ರ ಎಂದಳು. ಎಂಜಿನಿಯರಿಂಗ್ ಸಿಗದವರು ತಾನೇ ಅದನ್ನೆಲ್ಲ ಓದುವುದು ಎಂದು ನಾನು ಉದಾರವಾಗಿ ಸಮಾಧಾನ ಹೇಳಿದೆ. ಅವಳು ಪ್ರವೇಶಕ್ಕೆ ಬೇಕಾದ ಗ್ರೇಡುಗಳ ಪಟ್ಟಿಯಿದ್ದ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ನಾನು ಆಜನ್ಮ ಆರಾಧಿಸಿದ ಎಂಜಿನಿಯರಿಂಗಿಗೆ ಈ ದೇಶದಲ್ಲಿ ಸಾಧಾರಣ ಗ್ರೇಡಿನವರಿಗೂ ಜಾಗ ಸಿಗುತ್ತಿತ್ತು. ಸ್ಟಾಕ್‌ಹೋಮಿನ ವಿಶ್ವವಿದ್ಯಾಲಯದಲ್ಲಿ ಅವಳು ಬಯಸಿದ ಮನಶ್ಶಾಸ್ತ್ರದ ಬಾಗಿಲಲ್ಲಿ ಹೆಚ್ಚುಕಡಿಮೆ ಎಲ್ಲ ಎ ತಂದವರೇ ಸಾಲುಗಟ್ಟಿ ನಿಂತಿದ್ದರು.

ಹೀಗಾಗಿ ಅವಳು ಕೊಮ್ವುಕ್ಸ್ ಸೇರಿದಳು. ಶಾಲೆಯಲ್ಲಿ ಬಿಟ್ಟುಹೋದದ್ದನ್ನು ದೊಡ್ಡವರಾದ ಮೇಲೆ ಓದಿಕೊಳ್ಳಲು ಕೊಮ್ಮೂನ್ ನಡೆಸುವ ಶಾಲೆಯದು. ಗಣಿತವನ್ನು ಮೊದಲಿನಿಂದ ಕಲಿತು, ಕಡಿಮೆ ಬಂದಿದ್ದ ವಿಷಯಗಳ ಪರೀಕ್ಷೆಗಳನ್ನೂ ಮತ್ತೆ ಬರೆಯುವುದು ಅವಳ ಯೋಜನೆ. ತರಗತಿಯಲ್ಲಿ ಒಬ್ಬ ಬಸ್ ಚಾಲಕನೂ ನಾಲ್ಕು ಮೊಮ್ಮಕ್ಕಳಿರುವ ಒಬ್ಬ ಸಿರಿಯಾದ ಅಜ್ಜಿಯೂ ಇದ್ದಾರೆಂದು ಮೊದಲ ದಿನ ಬಂದು ಉತ್ಸಾಹದಿಂದ ಹೇಳಿದಳು. ಅಜ್ಜಿಯ ಸುದ್ದಿ ಕೇಳಿದ್ದೇ ನನ್ನ ಮುಖ ಹೇಗಾಯಿತೋ ಏನೋ, ಎರಡನೆಯ ದಿನದಿಂದ ಅವಳು ಹೇಳುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಶಾಂತಿ ನೆಲೆಸಿತೆಂದು ನಾನು ಭಾವಿಸಿದೆ.

ಆ ವಾರದ ಕೂಟದಲ್ಲಿ ಬಿಸಿಬೇಳೆಬಾತಿನೊಂದಿಗೆ ಪ್ರಶ್ನೆಯೂ ಬಿತ್ತು. ‘ಇಲ್ಲೇ ಯೂನಿವರ್ಸಿಟೀಲಿ ಸೈಕಾಲಜಿ’ ಎಂದೆ. ಅಷ್ಟೇ. ಇಷ್ಟು ಚಿಕ್ಕ ಸುಳ್ಳು ಇಷ್ಟು ಚೆನ್ನಾಗಿ ಮೇದು ಬೆಳೆಯುತ್ತದೆಂದು ಯಾರಿಗೆ ಗೊತ್ತಿತ್ತು ಹೇಳಿ? ಡಿಸೆಂಬರಿಗೆ ಅದು ಮೊದಲ ಸೆಮಿಸ್ಟರ್ ಮುಗಿಸಿತು. ಯುಗಾದಿಯ ಹೊತ್ತಿಗೆ ಅದಕ್ಕೊಬ್ಬ ಮೆಚ್ಚಿನ ಪ್ರಾಧ್ಯಾಪಕರೂ ದೊರಕಿದ್ದರು. ‘ಸುಳ್ಳು ಹೇಳೋ ಬದ್ಲು ಬಾಯ್ತುಂಬ ಅನ್ನ ಹಾಕ್ಕೊಂಡು ಸುಮ್ನಿರಬಾರ್ದಾ ನೀವು’ ಎಂದು ಹೆಂಡತಿ ಸುಮ ಕಾರಿನಲ್ಲಿ ಕೇಳಿದಳು. ಸಿಂಚನ ಕೂಟಕ್ಕೆ ಬರುವುದನ್ನು ಬಿಟ್ಟಿದ್ದರಿಂದ ನನ್ನ ವಿಶ್ವವಿದ್ಯಾಲಯ ನಿರಾತಂಕವಾಗಿ ನಡೆಯುತ್ತಿತ್ತು.

ಎರಡನೆಯ ವರ್ಷದ ಜುಲೈಯಲ್ಲಿ ಅವಳಿಗೆ ಸ್ಟಾಕ್‌ಹೋಮಿನಲ್ಲಿ ಸೀಟು ಸಿಕ್ಕಿತು. ಮೆಟ್ಟಿಲಿಳಿದು ಓಡಿಬಂದು ತಬ್ಬಿಕೊಂಡಳು. ನಾನೂ ಅತ್ತುಬಿಟ್ಟೆ, ಸುಳ್ಳೇಕೆ. ಊರಿಗೆಲ್ಲ ಊಟ ಹಾಕಿಸೋಣವೆಂದು ಘೋಷಿಸಿದ ಮರುಕ್ಷಣವೇ ಹೊಳೆಯಿತು: ಎರಡು ವರ್ಷದ ಹಿಂದೆಯೇ ಸಿಕ್ಕಿತೆಂದು ಹೇಳಿಬಿಟ್ಟಿರುವ ಸೀಟು ಈಗ ಸಿಕ್ಕಿತೆಂದು ಸಿಹಿ ಹಂಚುವುದು ಹೇಗೆ? ಮಗಳು ನಿಜವಾಗಿ ಗೆದ್ದ ದಿನ ಆನಂದಪಡುವ ಹಕ್ಕನ್ನು ನಾನು ಮುಂಗಡವಾಗಿ ತಿಂದು ತೇಗಿಬಿಟ್ಟಿದ್ದೆ. ಕೊನೆಗೆ ನನ್ನ ನೆರವಿಗೆ ಬಂದದ್ದು ಲೋಕೋಪಯೋಗಿ ಇಲಾಖೆಯಲ್ಲಿದ್ದ ನನ್ನ ತಂದೆಯ ಸ್ಮರಣೆ. ವರ್ಗವಾಯಿತು ಎಂದರೆ ಯಾರೂ ಮುಂದಕ್ಕೆ ಕೆದಕುವುದಿಲ್ಲ ಎಂಬುದನ್ನು ನಾನು ಬಾಲ್ಯದಲ್ಲೇ ಅರಿತಿದ್ದೆ. ಮಗಳೂ ಲಿಂಕೋಪಿಂಗಿನಿಂದ ಸ್ಟಾಕ್‌ಹೋಮಿಗೆ ವರ್ಗವಾಗಲಿ ಎಂದು ತೀರ್ಮಾನಿಸಿದೆ.

ಆಗಸ್ಟಿನಲ್ಲಿ ಊಟ. ಅತಿಥಿಗಳು ಬರುವ ಮುಂಚೆ ಸಿಂಚನ ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತ, ‘ಅಪ್ಪ, ಎಲ್ಲರ್ಗೂ ನೀನೇ ಹೇಳ್ತೀಯಾ? ಕೊಮ್ವುಕ್ಸಿಂದ ಅಂತ ಹೇಳು. ಹಾರ್ಡ್ ಆಗಿದ್ದಿದ್ದು ಅದೇ’ ಎಂದಳು. ನಾನು ಹೂಂಗುಟ್ಟಿದೆ. ಈ ಒಂದು ಮಾತನ್ನು ನನ್ನ ಬಾಯಿಂದ ಕೇಳಲು ಅವಳು ಎರಡು ವರ್ಷ ಕಾದಿದ್ದಳೆಂದು ಆಗ ಗೊತ್ತಿದ್ದೂ ಹೂಂಗುಟ್ಟಿದೆ. ಮೂವತ್ತು ಜನ ನೆರೆದಾಗ ಗಂಟಲು ಸರಿಮಾಡಿಕೊಂಡು, ಸಿಂಚನಳಿಗೆ ಸ್ಟಾಕ್‌ಹೋಮಿಗೆ ಟ್ರಾನ್ಸ್‌ಫರ್ ಸಿಕ್ಕಿದೆಯೆಂದು ಪ್ರಕಟಿಸಿದೆ. ಚಪ್ಪಾಳೆ ಬಿತ್ತು. ಅವಳು ಚಪ್ಪಾಳೆ ತಟ್ಟಿದವರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಪಾತ್ರೆಯೊಳಗಿಟ್ಟು ಅಡುಗೆಮನೆಗೆ ಹೋದಳು.

ಅವಳ ಹಿಂದೆಯೇ ಪ್ರಹ್ಲಾದ ಹೋದ. ನಾನೂ ಹೋಗಿ, ಒಳಗೆ ಕಾಲಿಡಲು ಧೈರ್ಯ ಸಾಲದೆ, ಬಾಗಿಲಾಚೆ ಪಾಯಸದ ಬಟ್ಟಲು ಹಿಡಿದು ನಿಂತೆ.

‘ಕೊಮ್ವುಕ್ಸ್ ಅಂತ ನಮ್ಗೆಲ್ಲ ಆಗ್ಲೇ ಗೊತ್ತಿತ್ತಮ್ಮ’ ಎನ್ನುತ್ತಿದ್ದ ಅವನು. ‘ಕೊಮ್ಮೂನ್‌ಗೆ ಮೇಲ್ ಹಾಕೋದು ನಿಮ್ಮಪ್ಪನೇ ಹೇಳ್ಕೊಟ್ಟಿದ್ದು. ಅದಿರ್ಲಿ, ನಮ್ಮ ನಿಶಾಂತ್‌ಗೂ ಈ ಸಲ ಎರಡು ಎಫ್ ಬಂದಿದೆ. ರೂಮಿಂದ ಆಚೆ ಬರ್ತಿಲ್ಲ. ಅಲ್ಲಿ ಹೇಗೆ ಸೇರೋದು, ಸ್ವಲ್ಪ ಹೇಳ್ತೀಯಾ?’

ಅವಳು ಹೇಳಿದಳು. ಯಾವ ಫಾರಂ, ಯಾರನ್ನು ಕಾಣಬೇಕು, ಎಲ್ಲವನ್ನೂ. ಮೊದಲ ತಿಂಗಳು ಮಧ್ಯಾಹ್ನ ಒಬ್ಬಳೇ ಕೂತು ಊಟ ಮಾಡಿದ್ದನ್ನು ಹೇಳಿದಳು. ಗಣಿತದ ಮೊದಲ ಟೆಸ್ಟಿನಲ್ಲಿ ಮತ್ತೆ ಎಫ್ ಬಂದು ಬಿಟ್ಟೇಬಿಡುತ್ತೇನೆಂದು ಹೊರಟಾಗ ಆ ಅಜ್ಜಿ ತನ್ನನ್ನು ಮನೆಗೆ ಕರೆದೊಯ್ದು ಊಟ ಹಾಕಿ, ತಾನೂ ಫೇಲಾದ ಉತ್ತರಪತ್ರಿಕೆ ತೋರಿಸಿದ್ದನ್ನು ಹೇಳಿದಳು. ಆಮೇಲೆ ವಾರಕ್ಕೆ ಮೂರು ಸಂಜೆ ಅದೇ ಮನೆಯಲ್ಲಿ ಇಬ್ಬರೂ ಕೂತು ಲೆಕ್ಕ ಬಿಡಿಸಿದ್ದಂತೆ. ಆ ಸಂಜೆಗಳಲ್ಲಿ ಮಗಳು ಜಿಮ್ಮಿಗೆ ಹೋಗುತ್ತಾಳೆಂದು ನಾನು ತಿಳಿದಿದ್ದೆ. ನನಗೆ ಬಹಳ ನಾಚಿಕೆಯಾಯಿತು.

‘ಇಷ್ಟೆಲ್ಲ ಆಗಿದೆ, ನಿಮ್ಮಪ್ಪ ಒಂದಿನಾನೂ ನಮ್ಹತ್ರ ಹೇಳ್ಲಿಲ್ವಲ್ಲಮ್ಮ’ ಎಂದ ಪ್ರಹ್ಲಾದ.

‘ಅಪ್ಪಂಗೆ ಗೊತ್ತಿಲ್ಲ ಅಂಕಲ್’ ಎಂದಳು ಸಿಂಚನ. ದನಿಯಲ್ಲಿ ಕೋಪವಿದ್ದಿದ್ದರೆ ನಾನು ಹೇಗೋ ತಾಳಿಕೊಳ್ಳುತ್ತಿದ್ದೆ. ‘ಕೇಳ್ಲೇ ಇಲ್ಲ.’